ಟ್ರಂಕಿಗೆ ಹೊಳೆ ಬಂದದ್ದು

ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು ಅಂತ ಪೇಪರಿನಲ್ಲಿ ಫೋಟೋ ಬರುವ ಹೊತ್ತಿಗೆ ನಮ್ಮ ಕೇರಿಯ ಒಲೆಗಳಲ್ಲಿ ನೀರು ನಿಂತು ಅರ್ಧ ದಿನವಾಗಿರುತ್ತದೆ. ಊರು ದಿಬ್ಬದ ಮೇಲಿದೆ, ಕೇರಿ ಹೊಳೆಯ ಮಗ್ಗುಲಿಗಿದೆ. ಸತ್ತ ದನ ಎಳೆದು ತರುವುದಕ್ಕೂ ಚರ್ಮ ತೊಳೆಯುವುದಕ್ಕೂ ನೀರು ಹತ್ತಿರವಿರಲಿ ಅಂತ ನಮ್ಮ ಹಿಂದಿನವರನ್ನು ತಗ್ಗಿನಲ್ಲಿ ಕೂರಿಸಿದರು. ಆ ಕೆಲಸ ಬಿಟ್ಟು ನಮಗೆ ಎರಡು ತಲೆಮಾರಾಯಿತು. ತಗ್ಗನ್ನು ಬಿಡಲಾಗಿಲ್ಲ.

ಕಪಿಲೆ ನಮ್ಮ ಮಳೆಗೆ ಉಕ್ಕುವ ಹೊಳೆಯಲ್ಲ. ಅದು ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಒಂದು ವಾರ ಜಡಿ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನಡುವೆ ಇರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಅಣೆಕಟ್ಟೆ. ೧೯.೫೨ ಟಿಎಂಸಿ ಹಿಡಿಯುವ ಸಣ್ಣ ಹೊಟ್ಟೆ ಅದಕ್ಕೆ. ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು. ೨೦೧೮ರ ಆಗಸ್ಟಿನಲ್ಲಿ ಬಿಟ್ಟರು. ೨೦೧೯ರ ಆಗಸ್ಟಿನಲ್ಲಿ ಒಂದು ಲಕ್ಷ ಕ್ಯೂಸೆಕ್ಸಿಗೂ ಮೇಲೆ ಬಿಟ್ಟರು. ಆಟೋಗೆ ಮೈಕು ಕಟ್ಟಿಕೊಂಡು ಬಂದು 'ತಗ್ಗು ಪ್ರದೇಶದವರು ಎಚ್ಚರ' ಅಂತ ಕೂಗಿ ಹೋದರು. ಮೊದಲೆಲ್ಲ ಹೀಗೆ ಹೊಳೆ ಬಂದಾಗ ಊರಿಗೆ ತಮಟೆ ಸಾರುತ್ತಿದ್ದವರು ನಮ್ಮವರೇ. ಕೇರಿಗೆ ಯಾರೂ ಸಾರುತ್ತಿರಲಿಲ್ಲ, ತಮಟೆ ಹೊರಟದ್ದೇ ಕೇರಿಯಿಂದಲ್ಲವೆ!

ನಮ್ಮ ಮನೆಯಲ್ಲಿ ಉಳಿಸಿಕೊಳ್ಳಬೇಕಾದ ವಸ್ತು ಅಂತ ಇದ್ದದ್ದು ಅಪ್ಪನ ಟ್ರಂಕು ಒಂದೇ. ೧೯೭೩ರಲ್ಲಿ ಅಪ್ಪ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದ. ಆ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು ಅಂತ ಬೀದಿಗೆ ಬೆಂಕಿ ಬಿತ್ತು. ನಮ್ಮ ಹುಡುಗರನ್ನು ಹುಡುಕಿಕೊಂಡು ಬಂದು ಹೊಡೆದರು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಪ್ಪನ ಎಡಹುಬ್ಬಿನ ಮೇಲಿನ ಗಾಯ ಆಗಿನದು. 'ಅವತ್ತಿನ ಪೇಪರುಗಳಲ್ಲಿ ನಾವು ಹೊಡೆಸಿಕೊಂಡದ್ದು ಎರಡು ಸಾಲು ಬಂತು ಕಣೋ, ಅವರು ಮೆರವಣಿಗೆ ಮಾಡಿದ್ದು ಪುಟಗಟ್ಟಲೆ ಬಂತು' ಅನ್ನುತ್ತಿದ್ದ. ಅಂದಿನಿಂದ ನಮ್ಮವರು ಬರೆದ, ಅಚ್ಚು ಹಾಕಿಸಿದ ಒಂದು ಚೂರು ಕಾಗದವನ್ನೂ ಅಪ್ಪ ಎಸೆಯಲಿಲ್ಲ.

ಮೈಸೂರಿನಿಂದ ಬರುತ್ತಿದ್ದ 'ಪಂಚಮ', ಬೆಂಗಳೂರಿನ 'ಶೂದ್ರ', ಸಿದ್ಧಲಿಂಗಯ್ಯನವರ ೧೯೭೫ರ 'ಹೊಲೆಮಾದಿಗರ ಹಾಡು', ನಮ್ಮ ತಾಲ್ಲೂಕಿನವರೇ ಆದ ದೇವನೂರ ಮಹಾದೇವರ 'ದ್ಯಾವನೂರು', ೧೯೭೯ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗಿನ ಕರಪತ್ರ. ಇವೆಲ್ಲ ಮೇಲಿನ ಪದರ. ಕೆಳಗೆ ಸೈಕ್ಲೋಸ್ಟೈಲ್ ಮಾಡಿದ ನೋಟೀಸುಗಳ ಕಟ್ಟು, ಸಭೆಗಳ ನಡಾವಳಿ ಬರೆದ ಮೂರು ನೋಟ್‌ಬುಕ್ಕು, ಇನ್‌ಲ್ಯಾಂಡ್ ಕಾಗದಗಳು, ಕೊಟ್ಟ ಅರ್ಜಿಗಳ ಕಾರ್ಬನ್ ಪ್ರತಿಗಳು, ಇಪ್ಪತ್ತಾರು ಫೋಟೋ, ಹಾಡಿನ ಒಂಬತ್ತು ಕ್ಯಾಸೆಟ್ಟು. ಅಪ್ಪ ೨೦೦೭ರಲ್ಲಿ ಹೋದ. ಟ್ರಂಕಿನ ಬೀಗದಕೈ ಅವ್ವನ ಎಲೆಅಡಕೆ ಚೀಲಕ್ಕೆ ಬಂತು. ಅವ್ವನಿಗೆ ಓದು ಬರುವುದಿಲ್ಲ. ವರ್ಷಕ್ಕೊಂದು ಸಲ ಬೇಸಿಗೆಯಲ್ಲಿ ಎಲ್ಲ ತೆಗೆದು ಗಾಳಿಗಿಟ್ಟು, ಬೇವಿನಸೊಪ್ಪು ಬದಲಾಯಿಸಿ, ಯಾವುದು ಎಲ್ಲಿತ್ತೋ ಅಲ್ಲೇ ಮಡುಗುತ್ತಿದ್ದಳು.

೨೦೧೯ರ ಆಗಸ್ಟ್ ೯ರ ರಾತ್ರಿ ನಾನು ಮೈಸೂರಿನಲ್ಲಿದ್ದೆ. ಮಲ್ಲನಮೂಲೆ ಮಠದ ಹತ್ತಿರ ಊಟಿ ರಸ್ತೆಗೆ ನೀರು ಬಂದು ಬಸ್ಸು ನಿಂತಿದ್ದವು. ಮನೆಯಲ್ಲಿ ಅವ್ವ, ಎಂಟನೇ ಕ್ಲಾಸಿನ ತಮ್ಮನ ಮಗಳು ಇಬ್ಬರೇ. ಫೋನು ಮಾಡಿದೆ.

'ಅವ್ವ, ಟ್ರಂಕ ಎತ್ತಿ ಅಟ್ಟಕ್ಕಿಡು.'

'ನಿಮ್ಮಪ್ಪ ಇದ್ದಾಗ್ಲೇ ಅದ ಎತ್ತಕ್ಕಾಗ್ನಿಲ್ಲ. ನಾಕಾಳು ಬೇಕು ಕಣ.'

'ಹಂಗಾದ್ರೆ ಬೀಗ ತೆಗೆದು ಮೇಲಿರೋ ಪುಸ್ತಕಾನೆಲ್ಲ ಮೊದಲು ತಕ್ಕೊ. ನೀಲಿ ರಟ್ಟಿನ ಬೈಂಡು ಇದೆ ನೋಡು...'

'ಕರೆಂಟ್ ತೆಗ್ದವ್ರ. ನೀಲಿ ಎಲ್ಲಿ ಕಾಣ್ತದ? ಅಚ್ಚಾಗಿರದು ಇನ್ನೊಬ್ರ ಮನೇಲೂ ಇದ್ದದು. ಕೈಲಿ ಬರ್ದಿರದ ಯಾರ್ ಮಡುಗವ್ರ? ಬುಡು, ನನ್ಗ ಗೊತ್ತು.'

ಫೋನು ಅಲ್ಲಿಗೆ ಸತ್ತಿತು. ರಾತ್ರಿಯೆಲ್ಲ ನಾನು ಅವ್ವನನ್ನು ಬೈದುಕೊಂಡೆ, ನಿಜ ಹೇಳುತ್ತೇನೆ. ನೀರಿನಲ್ಲಿರುವ ಹೆತ್ತವಳಿಗಿಂತ ನೀಲಿ ಬೈಂಡು ನನ್ನ ಕಣ್ಣಮುಂದೆ ಬರುತ್ತಿತ್ತು. ಓದಿದವನ ಹಣೆಬರಹ ಇದು.

ಅವ್ವ ಮಾಡಿದ್ದು ಹೀಗೆ. ಅಟ್ಟದಲ್ಲಿದ್ದ ಜಾಗಕ್ಕೆ ಮೊದಲು ಎರಡು ಮೂಟೆ ರಾಗಿ ಹೋಯಿತು. ಅದು ಸರಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆಮೇಲೆ ಕತ್ತಲಲ್ಲೇ ಟ್ರಂಕಿನ ತಳಕ್ಕೆ ಕೈಹಾಕಿ, ಬೆರಳಿನಲ್ಲೇ ಮುಟ್ಟಿ ನೋಡಿ, ನೋಟ್‌ಬುಕ್ಕು ಮತ್ತು ಇನ್‌ಲ್ಯಾಂಡ್ ಕಾಗದ ತೆಗೆದು, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕುಕ್ಕೆಯಲ್ಲಿಟ್ಟು ತಲೆಮೇಲೆ ಹೊತ್ತು, ಮೊಣಕಾಲು ನೀರಿನಲ್ಲಿ ಮೊಮ್ಮಗಳ ಕೈಹಿಡಿದು ದಿಬ್ಬದ ಸ್ಕೂಲಿಗೆ ನಡೆದಳು. ಅಲ್ಲಿ ಗಂಜಿಕೇಂದ್ರ ತೆರೆದಿದ್ದರು. ಟ್ರಂಕಿನ ಮುಚ್ಚಳ ಭದ್ರವಾಗಿ ಹಾಕಿ ಬೀಗ ಜಡಿದೇ ಬಂದಿದ್ದಳು. ಕಬ್ಬಿಣದ ಟ್ರಂಕಲ್ಲವೆ, ನೀರು ಒಳಗೆ ಹೋಗುವುದಿಲ್ಲ ಅಂತ ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಮೂರನೆಯ ದಿನ ಸುತ್ತುಬಳಸಿ ಊರು ಸೇರಿದೆ. ನೀರು ಇಳಿದಿತ್ತು. ಹಿಂಬದಿ ಗೋಡೆ ಕೂತಿತ್ತು. ಟ್ರಂಕು ಇದ್ದಲ್ಲೇ ಇತ್ತು. ಹೊಳೆ ಮನೆಯಿಂದ ಹೊರಟು ಹೋದರೂ ಟ್ರಂಕಿನಿಂದ ಹೊರಟಿರಲಿಲ್ಲ. ಸಂದಿಯಲ್ಲಿ ನುಗ್ಗಿದ ನೀರು ಒಳಗೇ ನಿಂತು ಅದೊಂದು ತೊಟ್ಟಿಯಾಗಿತ್ತು. ಕಾಗದ ಉಬ್ಬಿ ನಾಲ್ಕು ಕಡೆಗೂ ಕಚ್ಚಿಕೊಂಡಿತ್ತು. ಎಳೆದರೆ ಹಾಳೆ ಕೈಗೆ ಬರುತ್ತಿತ್ತು, ಪುಸ್ತಕ ಬರುತ್ತಿರಲಿಲ್ಲ. ಕೊನೆಗೆ ಪಾತ್ರೆ ಕಲಾಯಿ ಮಾಡುವ ಸಾಬರನ್ನು ಕರೆತಂದು ಟ್ರಂಕಿನ ಒಂದು ಮಗ್ಗುಲನ್ನು ಕತ್ತರಿಸಿ ಬಿಚ್ಚಬೇಕಾಯಿತು.

ಗ್ರಂಥಾಲಯ ವಿಜ್ಞಾನ ಓದಿದ ಗೆಳತಿಯೊಬ್ಬಳು ಮೈಸೂರಿನಲ್ಲಿದ್ದಾಳೆ. ಮುಂದಿನ ಐದು ದಿನ ಅವಳು ಫೋನಿನಲ್ಲಿ ಹೇಳಿದ್ದನ್ನು ನಾವು ಮಾಡಿದೆವು. ನಮ್ಮಂತೆ ಹೊಳೆದಂಡೆಯಲ್ಲಿರುವವರಿಗೆ ಬೇಕಾದೀತು ಅಂತ ಅದನ್ನು ಬರೆಯುತ್ತೇನೆ. ಒದ್ದೆ ಪುಸ್ತಕವನ್ನು ಬಿಡಿಸಬಾರದು, ಒದ್ದೆ ಕಾಗದಕ್ಕೆ ಜೀವವಿರುವುದಿಲ್ಲ. ಮುಚ್ಚಿದಂತೆಯೇ ಅದುಮಿ ಹಿಡಿದು, ಒಳ್ಳೆಯ ನೀರಿನ ಬಕೆಟ್ಟಿನಲ್ಲಿ ಅದ್ದಿ ಕೆಸರು ಬಿಡಿಸಬೇಕು, ಉಜ್ಜಬಾರದು. ಸುಡುಬಿಸಿಲಿಗೆ ಹಾಕಬಾರದು. ನೆರಳು, ಗಾಳಿ, ಆದರೆ ಫ್ಯಾನು. ಹಾಳೆಗಳ ನಡುನಡುವೆ ಅಚ್ಚಾಗದ ಕಾಗದ ಇಟ್ಟು ಅದು ಒದ್ದೆಯಾದಂತೆ ಬದಲಾಯಿಸುತ್ತಿರಬೇಕು. ಮೈಸೂರಿನ ಪ್ರೆಸ್ಸೊಂದರಿಂದ ಪೇಪರ್ ರೋಲಿನ ಉಳಿಕೆ ಹೊತ್ತು ತಂದೆ. ಪಿನ್ನುಗಳನ್ನು ಬಿಡಿಸಿ ಎಸೆಯಬೇಕು, ಇಲ್ಲದಿದ್ದರೆ ತುಕ್ಕು ಕಾಗದವನ್ನು ತಿನ್ನುತ್ತದೆ. ನಯಕಾಗದದ ಪುಸ್ತಕ ಒಣಗುವಾಗ ಅಂಟಿಕೊಂಡರೆ ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಹೊಳೆನೀರಿಗೆ ಬಿದ್ದ ಕ್ಯಾಸೆಟ್ಟನ್ನು 'ಹಾಡುತ್ತದಾ ನೋಡೋಣ' ಅಂತ ಟೇಪಿಗೆ ಹಾಕಲೇಬಾರದು. ನಾನು ಒಂದನ್ನು ಹಾಕಿ ಹಾಳು ಮಾಡಿದೆ. ಅದರಲ್ಲಿ ಅಪ್ಪನ ದನಿ ಇತ್ತು.

ಎಲ್ಲದಕ್ಕಿಂತ ದೊಡ್ಡದು ಹೊತ್ತು. ಎರಡು ದಿನ ದಾಟಿದರೆ ಬೂಸ್ಟು ಹಿಡಿಯುತ್ತದೆ. ಆ ಎರಡು ದಿನ ನಮಗೆ ರಸ್ತೆಯಲ್ಲೇ ಕಳೆದಿತ್ತು. ಒಣಗಿಸಲು ಆಗದಷ್ಟನ್ನು ಕವರಿಗೆ ಹಾಕಿ ಹೆಪ್ಪುಗಟ್ಟಿಸಿಡಿ, ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ಒಂದೊಂದೇ ತೆಗೆದು ಒಣಗಿಸಬಹುದು ಅಂದಳು ಗೆಳತಿ. ೧೯೬೬ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ಹೊಳೆ ಉಕ್ಕಿ ದೊಡ್ಡ ಲೈಬ್ರರಿಗೇ ನುಗ್ಗಿದಾಗ, ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸಾಲುನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದ್ದನ್ನು, ಹೊಗೆಸೊಪ್ಪು ಒಣಗಿಸುವ ಗೂಡುಗಳಲ್ಲಿ ಅವನ್ನು ಒಣಗಿಸಿದ್ದನ್ನು ಹೇಳಿದಳು. ಹಾಗಾದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ಗಳಿವೆಯಲ್ಲ ಅಂದೆ. 'ಬೇಡ ಮಾರಾಯ, ನಿಮ್ಮಪ್ಪನ ಪತ್ರಿಕೆಗಳು ನ್ಯೂಸ್‌ಪ್ರಿಂಟು, ಆ ಶಾಖಕ್ಕೆ ಹಪ್ಪಳ ಆಗ್ತವೆ' ಅಂದಳು.

ಒಣಗಿಸುವುದಕ್ಕೆ ಜಾಗ ಬೇಕು, ಮಾಡಿರುವ ಜಾಗ, ಎತ್ತರದ ಜಾಗ. ಕೇರಿಯಲ್ಲಿ ಅದೆಲ್ಲಿ? ಊರೊಳಗೆ ನನ್ನ ಜೊತೆ ಓದಿದ ಒಬ್ಬ ಗೆಳೆಯ 'ನಮ್ಮ ಮಹಡಿ ಖಾಲಿ ಇದೆ, ತಗೊಂಬಾ' ಅಂದ. ಗಾಡಿಯಲ್ಲಿ ಹೇರಿಕೊಂಡು ಹೋದೆವು. ಬಾಗಿಲಲ್ಲಿ ಅವನ ಅಪ್ಪ ನಿಂತಿದ್ದರು. ಬೈಯಲಿಲ್ಲ, ಪಾಪ. 'ಕೆಸರು ಕಣಪ್ಪ, ಮೇಲೆ ಯಾಕೆ, ಕೊಟ್ಟಿಗೆ ಪಕ್ಕ ಚಾವಣಿ ಇದೆ' ಅಂದರು. ಅಲ್ಲಿ ಬೂಸಾ ಮೂಟೆಗಳಿದ್ದವು. ೭೩ರ ಗಲಾಟೆಯ ಕಟಿಂಗುಗಳನ್ನು ಬೂಸಾ ಮೂಟೆಯ ಮೇಲೆ ಹರಡುವುದೇ? ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಗಾಡಿ ತಿರುಗಿಸಿದೆ. ಗೆಳೆಯ ಹಿಂದೆಯೇ ಬಂದು, ಒಂದು ಮಾತೂ ಆಡದೆ, ಸ್ಕೂಲಿನ ತನಕ ಗಾಡಿ ತಳ್ಳಿದ. ಅವನ ಅಪ್ಪನ ಮೇಲೆ ಈಗ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ.

ಹೀಗೆ ಸ್ಕೂಲಿನ ಜಗಲಿಯೇ ಗತಿಯಾಯಿತು. ಕಂಬದಿಂದ ಕಂಬಕ್ಕೆ ಸುತಲಿ ಕಟ್ಟಿ ಬಟ್ಟೆ ಕ್ಲಿಪ್ಪು ಹಾಕಿ ಕರಪತ್ರಗಳನ್ನು ನೇತುಹಾಕಿದೆವು. ಗಂಜಿಕೇಂದ್ರದಲ್ಲಿ ಅನ್ನ ಸಾರು ಬಿಟ್ಟರೆ ಜನಕ್ಕೆ ಬೇರೆ ಕೆಲಸವಿರಲಿಲ್ಲ. ಹೆಂಗಸರು 'ಇದೇನ ಇದು, ಲಗ್ನಪತ್ರಿಕೆ ಒಣಗಾಕವ್ರ' ಅಂತ ಬಂದವರು ಪೇಪರು ಬದಲಾಯಿಸಲು ಕೂತರು. ಮಕ್ಕಳು ನೇತಾಡುವ ನೋಟೀಸುಗಳನ್ನು ಕೂಗಿ ಓದತೊಡಗಿದವು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟದ್ದಕ್ಕೆ ಧರಣಿ, ಕೂಲಿ ಎರಡು ರೂಪಾಯಿ ಹೆಚ್ಚಿಸಲು ಮೆರವಣಿಗೆ. ಕೆಳಗೆ ಹೆಸರುಗಳು. 'ಅಯ್, ಇದು ನಮ್ ತಾತ' ಅಂತ ಒಬ್ಬ ಕುಣಿದ. ಅವನ ತಾತ ಅಲ್ಲೇ ಮೂಲೆಯಲ್ಲಿ ಚಾಪೆ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ತಾನು ಜೈಲಿಗೆ ಹೋದದ್ದನ್ನು ಮೊಮ್ಮಗನಿಗೆ ಅವನು ಹೇಳಿಯೇ ಇರಲಿಲ್ಲ.

ಒಣಗಿಸಲಾಗದ ಹತ್ತು ಕಟ್ಟುಗಳಿಗೆ ಪೇಟೆಯ ಕೋಳಿ ಅಂಗಡಿಯವನು ತನ್ನ ಡೀಪ್ ಫ್ರೀಜರಿನಲ್ಲಿ ಅರ್ಧ ಜಾಗ ಕೊಟ್ಟ. ಎರಡೆರಡು ಕವರಿನಲ್ಲಿ ಕಟ್ಟಿಟ್ಟೆವು. ನಾಲ್ಕು ತಿಂಗಳು 'ಪಂಚಮ' ಕೋಳಿಯ ಜೊತೆ ಮಲಗಿತ್ತು. ಬಾಡಿಗೆ ಕೇಳಲಿಲ್ಲ.

ಆಗ ಕಂಡ ಒಂದು ವಿಚಿತ್ರ. ಸೈಕ್ಲೋಸ್ಟೈಲ್ ಶಾಯಿ ಎಣ್ಣೆಯದು. ಅಚ್ಚಿನ ಶಾಯಿಯೂ ಎಣ್ಣೆಯದು. ಕಾರ್ಬನ್ ಪ್ರತಿಯ ಅಕ್ಷರವೂ ನೀರಿಗೆ ಕರಗದು. ನಾವು ಅಗ್ಗದ್ದು ಅಂತ ಕೀಳಾಗಿ ಕಂಡ ಕಾಗದಗಳ ಮೇಲೆ ಅಕ್ಷರ ಹಾಗೇ ಕೂತಿತ್ತು. ಹೋದದ್ದು ಒಳ್ಳೆಯ ಇಂಕ್‌ಪೆನ್ನಿನಲ್ಲಿ ಬರೆದದ್ದು. ಪುಸ್ತಕಗಳ ಮೊದಲ ಪುಟದಲ್ಲಿ ಗೆಳೆಯರು ಅಪ್ಪನಿಗೆ ಬರೆದುಕೊಟ್ಟ ನೀಲಿ ಸಾಲುಗಳೆಲ್ಲ ಮೋಡವಾಗಿದ್ದವು. ಅವ್ವ ಹೊತ್ತು ತಂದ ನೋಟ್‌ಬುಕ್ಕುಗಳೂ ಇನ್‌ಲ್ಯಾಂಡುಗಳೂ ಬಹುಪಾಲು ಇಂಕ್‌ಪೆನ್ನಿನವೇ. ಟ್ರಂಕಿನಲ್ಲಿದ್ದಿದ್ದರೆ ಒಂದಕ್ಷರವೂ ಉಳಿಯುತ್ತಿರಲಿಲ್ಲ. ನಾನು ಹೇಳಿದಂತೆ ನೀಲಿ ಬೈಂಡನ್ನು ಹೊತ್ತಿದ್ದರೆ ಹೊತ್ತವಳೂ ದಣಿಯುತ್ತಿದ್ದಳು, ನಡಾವಳಿಗಳೂ ಹೋಗುತ್ತಿದ್ದವು. ಆದರೂ ಅವಳ ಮಾತು ಪೂರ್ತಿ ನಿಜವಲ್ಲ. ಅಚ್ಚಾದದ್ದು ಇನ್ನೊಬ್ಬರ ಮನೆಯಲ್ಲಿ ಇದ್ದೇ ಇರುತ್ತದೆ ಅಂತಲ್ಲ. ಟ್ರಂಕಿನಲ್ಲಿದ್ದದ್ದರಲ್ಲಿ ಮೂರರಲ್ಲೊಂದು ಪಾಲು ಮುದ್ದೆಯಾಗಿ ಹೋಯಿತು. ಅದನ್ನು ತುಂಬಿಕೊಳ್ಳಲು ಹಳೆಯ ಗೆಳೆಯರ ಮನೆಮನೆ ತಿರುಗಿದೆ. ಕೆಲವು ಜೆರಾಕ್ಸು ಸಿಕ್ಕವು. ಕೆಲವರು 'ಮನೆ ಬದಲಾಯಿಸುವಾಗ ತೂಕಕ್ಕೆ ಹಾಕಿದೆವು' ಅಂದರು. ಹೊಳೆಯ ಹಂಗೇ ಇಲ್ಲದೆ, ದಿಬ್ಬದ ಮೇಲಿನ ಮನೆಗಳಲ್ಲಿ.

ಅಪ್ಪ ಒಂದು ಕಥೆ ಹೇಳುತ್ತಿದ್ದ. ೧೯೧೭ರಲ್ಲಿ ಬಾಬಾಸಾಹೇಬರು ಲಂಡನ್ನಿನಿಂದ ಹಿಂದಿರುಗುವಾಗ ಅವರ ಪುಸ್ತಕಗಳು ಬೇರೆ ಹಡಗಿನಲ್ಲಿ ಬರುತ್ತಿದ್ದವು. ಯುದ್ಧದ ಕಾಲ. ಆ ಹಡಗನ್ನು ಜರ್ಮನರ ಟಾರ್ಪೆಡೊ ಮುಳುಗಿಸಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು. ಸಾಗಿಸಿದ ಕಂಪನಿ ಪರಿಹಾರ ಕೊಟ್ಟಿತು. ಆಮೇಲೆ ಅದೇ ಮನುಷ್ಯ ಮುಂಬಯಿಯ ದಾದರಿನಲ್ಲಿ ಪುಸ್ತಕಗಳಿಗೋಸ್ಕರವೇ ಅನ್ನುವಂತೆ ರಾಜಗೃಹ ಕಟ್ಟಿಸಿದರು.

ನಮ್ಮ ಮಹಜರು ಮಾಡಲು ಬಂದವರ ಫಾರಮ್ಮಿನಲ್ಲಿ ಗೋಡೆ ಇತ್ತು, ದನ ಇತ್ತು, ದವಸ ಇತ್ತು. ಜಗಲಿ ತುಂಬ ನೇತಾಡುತ್ತಿದ್ದುದನ್ನು ತೋರಿಸಿ 'ಇದು ಎಲ್ಲಿ ಬರುತ್ತೆ ಸಾರ್' ಅಂದೆ. 'ಹಳೇ ಪೇಪರಾ? ಒಣಗಿದ ಮೇಲೆ ಮಾರಬಹುದಲ್ಲ' ಅಂದರು. ತಮಾಷೆಗೇ ಅಂದದ್ದು. ನೀರು ನುಗ್ಗಿದ ಮನೆಗಳಿಗೆ ಆಗ ಸರ್ಕಾರ ಕೊಟ್ಟ ಹತ್ತು ಸಾವಿರ ನಮಗೂ ಬಂತು.

ಆ ಹಳೇ ಪೇಪರಿನ ನಡುವೆ ಏಳನೆಯ ದಿನ ಒಂದು ಅರ್ಜಿ ಸಿಕ್ಕಿತು. ಟೈಪು ಮಾಡಿದ್ದರ ಕಾರ್ಬನ್ ಪ್ರತಿ. ನಮ್ಮ ಕೇರಿಯನ್ನು ಹೊಳೆದಂಡೆಯಿಂದ ಎತ್ತಿ ಮೇಲಿನ ಸರ್ಕಾರಿ ಜಮೀನಿನಲ್ಲಿ ನಿವೇಶನ ಕೊಡಿ ಅಂತ ಕೇಳಿದ್ದು. ಅಕ್ಷರ ಅಷ್ಟೂ ಉಳಿದಿತ್ತು. ತಾರೀಖಿನ ಮೂಲೆಯನ್ನು ಇಲಿ ತಿಂದಿತ್ತು. ಸ್ವೀಕರಿಸಿದ ಸೀಲು ನೀಲಿ ಮಚ್ಚೆಯಾಗಿತ್ತು. ಎರಡೂ ಪ್ರತಿಗೆ ಹೆಬ್ಬೆಟ್ಟು ಹಾಕಿಸುವುದು ಅಪ್ಪನ ಪದ್ಧತಿ, ಕಚೇರಿಯಲ್ಲಿ ಕಳೆದುಹಾಕಿದರೆ ನಮ್ಮಲ್ಲಿರಲಿ ಅಂತ. ಸ್ಟಾಂಪ್‌ಪ್ಯಾಡಿನ ಶಾಯಿ ನೀರಿನದು. ನಲವತ್ತಮೂರು ಹೆಬ್ಬೆಟ್ಟೂ ಬಿಡಿಸಿಕೊಂಡು ನಲವತ್ತಮೂರು ನೇರಳೆ ಕಲೆಗಳಾಗಿದ್ದವು. ಅವ್ವ ಅದನ್ನು ತುಂಬ ಹೊತ್ತು ನೋಡಿದಳು.

'ಯಾವಾಗ ಕೊಟ್ಟಿದ್ದವ್ವ?'

'ನೀನು ಹೊಟ್ಟೇಲಿದ್ದೆ. ಆಗ್ಲೂ ಹಿಂಗೇ ನೀರು ಬಂದಿತ್ತು. ಮೊದುಲ್ನೇ ಸಾಲಲ್ಲಿ ಎರಡ್ನೇದು ನಂದು.'

ನಾನು ಹುಟ್ಟಿದ್ದು ೧೯೮೨ರಲ್ಲಿ. ೨೦೧೯ರ ಹೊಳೆಯ ನಂತರ ಕೇರಿಯವರೆಲ್ಲ ಮತ್ತೆ ನಿವೇಶನ ಕೇಳಲು ಹೋದಾಗ ಕಚೇರಿಯಲ್ಲಿ ಹೇಳಿದ್ದು 'ಹಿಂದೆ ಇಂಥ ಬೇಡಿಕೆ ಬಂದ ಬಗ್ಗೆ ಕಡತ ಇಲ್ಲ, ಹೊಸದಾಗಿ ಕೊಡಿ' ಅಂತ. ನಾವು ಕಾರ್ಬನ್ ಪ್ರತಿಯ ಜೆರಾಕ್ಸು ಲಗತ್ತಿಸಿ ಕೊಟ್ಟೆವು. 'ಸಹಿ ಎಲ್ಲಿ?' ಅಂದರು. ಕಡತ ಈಗ ಹುಟ್ಟಿದೆ. ನಿವೇಶನ ಹುಟ್ಟಿಲ್ಲ.

ಇಷ್ಟೆಲ್ಲ ಆದ ಮೇಲೆ ಗೆಳೆಯರು ಇದನ್ನೆಲ್ಲ ಮೈಸೂರಿನ ಯಾವುದಾದರೂ ದೊಡ್ಡ ಸಂಸ್ಥೆಗೆ ಕೊಟ್ಟುಬಿಡು ಅಂದರು. ೧೮೯೧ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ ಓಲೆಗಳನ್ನು ಜೋಪಾನವಾಗಿಟ್ಟಿದ್ದಕ್ಕೆ ತಾನೆ ೧೯೦೫ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು? ಮಾತು ನ್ಯಾಯವಾದದ್ದೇ. ಹೊಳೆಮಗ್ಗುಲಲ್ಲಿ ಹಟಕ್ಕೆ ಇಟ್ಟುಕೊಂಡು ಕಳೆಯುವುದು ಮೂರ್ಖತನ. ಅವ್ವನಿಗೆ ಹೇಳಿದೆ. 'ಕೊಡು, ಬ್ಯಾಡ ಅನ್ನಲ್ಲ. ನಾಳಿಕ ನಾ ಹೋಗಿ ನಿಮ್ಮಪ್ಪುನ್ ಕಾಗ್ದ ಒಂದ್ಗಳ್ಗೆ ಮುಟ್ಬೇಕು ಅಂದ್ರ ಒಳಕ್ಕ ಬುಟ್ಟಾರ?' ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಓದಲು ಬಾರದವಳಿಗೆ ಓದುವ ಕೋಣೆಯ ಚೀಟಿ ಯಾರು ಕೊಡುತ್ತಾರೆ?

ಕೊನೆಗೆ ಹೀಗೆ ಮಾಡಿಕೊಂಡಿದ್ದೇವೆ. ತಮ್ಮನ ಮಗಳು ಪ್ರತಿ ಹಾಳೆಯ ಫೋಟೋ ಮೊಬೈಲಿನಲ್ಲಿ ತೆಗೆದಳು. ಎರಡು ವರ್ಷ ಹಿಡಿಯಿತು. ಅದರ ಪ್ರತಿ ಮೂರು ಕಡೆ, ಮೂರು ಬೇರೆ ಊರಿನಲ್ಲಿವೆ. ಮೂಲ ಕಾಗದ ಮನೆಯಲ್ಲೇ ಇದೆ, ಆದರೆ ಟ್ರಂಕಿನಲ್ಲಲ್ಲ. ಪರಿಹಾರದ ದುಡ್ಡಿನಲ್ಲಿ ಬಿಗಿ ಮುಚ್ಚಳದ ಸಣ್ಣ ಸಣ್ಣ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದೆವು. ಅವ್ವ ಒಬ್ಬಳೇ ಎತ್ತಬಲ್ಲಷ್ಟನ್ನೇ ಒಂದೊಂದಕ್ಕೆ ತುಂಬುವುದು, ಇದು ಮೊದಲ ನಿಯಮ. ಎತ್ತಲಾಗದೆ ಬಿಟ್ಟು ಬರಬೇಕಾದರೂ ಡ್ರಮ್ಮು ತೇಲುತ್ತದೆ, ಹಗ್ಗದಲ್ಲಿ ತೊಲೆಗೆ ಕಟ್ಟಿದ್ದೇವೆ. ತೇವವಿರುವ ಕಾಗದ ಬಿಗಿಮುಚ್ಚಳದೊಳಗೆ ಬೂಸ್ಟು ಹಿಡಿಯುತ್ತದೆ, ಅದಕ್ಕೇ ಬೇಸಿಗೆಯಲ್ಲಿ ತೆರೆದು ಗಾಳಿಯಾಡಿಸುವ ಅವ್ವನ ಹಳೆಯ ಪದ್ಧತಿ ನಡೆದಿದೆ. ಡ್ರಮ್ಮಿನ ಮೇಲೆ ಚೀಟಿ ಅಂಟಿಸಲು ಹೋದಾಗ ತಮ್ಮನ ಮಗಳು ನನ್ನನ್ನು ತಡೆದಳು. 'ದೊಡ್ಡಪ್ಪ, ಎತ್ತೋಳು ಅಜ್ಜಿ. ಚೀಟಿ ಯಾರಿಗೆ?' ಈಗ ಹಿಡಿಗೆ ಬಟ್ಟೆಚೂರು ಕಟ್ಟಿದೆ. ಗಂಟು ಹಾಕಿದ ದಪ್ಪ ಕೆಂಪು ಬಟ್ಟೆಯದು ಮೊದಲು ಹೋಗಬೇಕಾದ್ದು, ಕತ್ತಲಲ್ಲೂ ಕೈಗೆ ಸಿಗುತ್ತದೆ.

೨೦೨೪ರ ಜುಲೈ ೩೦ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಮಣ್ಣಾಯಿತು. ಟೀವಿಯಲ್ಲಿ ಅದನ್ನು ನೋಡುತ್ತಾ ಅವ್ವ 'ಅವ್ರ್ ಕಣ್ಣೀರೇ ನಮ್ ಹೊಳೇಲಿ ಬತ್ತದ' ಅಂದಳು. ಆ ದಿನಗಳಲ್ಲಿ ಹೊಳೆ ಮತ್ತೆ ಏರಿತ್ತು. ಮೈಕಿನ ಆಟೋ ಬರುವುದಕ್ಕೂ ಮುಂಚೆ ಕೆಂಪು ಬಟ್ಟೆಯ ಡ್ರಮ್ಮುಗಳು ಸ್ಕೂಲಿನ ಜಗಲಿ ಸೇರಿದ್ದವು. ಈ ಸಲ ನೀರು ನಮ್ಮ ಮೆಟ್ಟಿಲಿಗೆ ಗೇಣು ಕೆಳಗೇ ನಿಂತಿತು.

ಜಗಲಿಯಲ್ಲಿ ಕೂತು ಮಾಡಲು ಕೆಲಸವಿರಲಿಲ್ಲ. ಅವ್ವ ಆ ಅರ್ಜಿ ತೆಗೆಸಿದಳು. ತಮ್ಮನ ಮಗಳು ಅದರ ಮೇಲೆ ಬೆಣ್ಣೆಕಾಗದ ಇಟ್ಟು, ಕಲೆಗಳ ಜಾಗ ಗುರುತು ಮಾಡಿಕೊಂಡು, ಪೆನ್ನು ತೆಗೆದಳು. ನಾನು ಪೆನ್ಸಿಲ್ಲು ಕೊಟ್ಟೆ, ನೀರಿಗೆ ಹೋಗದ್ದು ಅದು. ಅವ್ವ ಬೆರಳಿಟ್ಟು ಹೇಳುತ್ತಾ ಹೋದಳು. ಇದು ನಿಮ್ಮಜ್ಜುಂದು, ಇದು ನಂದು, ಇದು ತಮಟೆ ಬಡಿತಿದ್ದ ನಿ ದೊಡ್ಡಜ್ಜುಂದು, ಈ ಅಗಲದ್ದು ಕಲ್ಲು ಒಡೆಯೋಳು, ಅವಳ ಹೆಬ್ಬೆಟ್ಟು ಹಂಗೇ ಇತ್ತು. ಅವತ್ತು ಯಾರು ಯಾರ ಹಿಂದೆ ಸಾಲುನಿಂತಿದ್ದರು ಅನ್ನುವುದು ಅವಳಿಗೆ ನೆನಪಿತ್ತು. ಮೂವತ್ತೊಂದರ ಹತ್ತಿರ ಬೆರಳು ನಿಂತಿತು.

'ಇದ್ಯಾರ್ದು ಅಜ್ಜಿ?'

'ತಡಿ... ಕೂಸ ಎತ್ಕಂಡು ಬಂದಿದ್ಲು. ಹೆಸ್ರು ಬಾಯಿಗ್ ಬರ್ತಾ ಇಲ್ಲ. ಅಲ್ಲಿ ಜಾಗ ಬುಡು, ನೆಪ್ಪಾದಾಗ ಹೇಳ್ತಿನಿ. ಮುಂದ್ಕ ಬರ್ಕ.'